ತವರವರೆ

ಏಕದಳ ಸಸ್ಯಕ್ಕೂ ದ್ವಿದಳ ಸಸ್ಯಕ್ಕೂ ಇರುವ ಐದು ವ್ಯತ್ಯಾಸಗಳನ್ನು ಬರೆಯಿರಿ ಎಂದು ನಮ್ಮ ಕೃಷಿ ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಕೇಳಿದ್ದರು. ನಾನು ಏಳು ಬರೆದೆ. ಬೀಜದೊಳಗೆ ಒಂದು ದಳ, ಎರಡು ದಳ, ಎಲೆಯಲ್ಲಿ ಉದ್ದಕ್ಕೆ ಸಾಲಾಗಿ ಓಡುವ ನರ, ಬಲೆಯಂತೆ ಹರಡುವ ನರ, ತಂತುಬೇರು, ತಾಯಿಬೇರು, ಹೂವಿನ ಎಸಳು ಮೂರರ ಲೆಕ್ಕದಲ್ಲಿ, ನಾಲ್ಕು ಐದರ ಲೆಕ್ಕದಲ್ಲಿ. ಹೀಗೆ ಕಾಂಡವನ್ನು ಅಡ್ಡ ಕೊಯ್ದಾಗ ಕಾಣುವ ಚುಕ್ಕೆಗಳ ತನಕ ಚಿತ್ರ ಸಮೇತ ಬರೆದಿದ್ದೆ. ಮೇಷ್ಟ್ರು ನನ್ನ ಉತ್ತರವನ್ನು ಉಳಿದವರ ಮುಂದೆ ಓದಿ ಹೇಳಿದರು. ಆ ಹೆಮ್ಮೆಯಲ್ಲೇ ನಾನು ಕೆಲಸಕ್ಕೆ ಸೇರಿದ್ದು.

ಹೋದ ತಿಂಗಳು, ಹೊಸದಾಗಿ ಕೃಷಿ ಸಹಾಯಕರಾಗಿ ಸೇರಿದ ಮೂವರು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದರು. "ಫೀಲ್ಡಲ್ಲಿ ಮೊದಲು ಏನು ಕಲೀಬೇಕು ಸರ್?" ಎಂದು ಅವರಲ್ಲೊಬ್ಬಳು ಕೇಳಿದಳು. ಕಾಫಿ ಕೊಟ್ಟು, ರೈತರ ಜೊತೆ ವಿಶ್ವಾಸದಿಂದಿರಿ ಎಂದೇನೋ ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೇಲೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ನಮಗೆ ಜಮೀನಿರಲಿಲ್ಲ. ರಾಗಿಯನ್ನು ನಾನು ಹಿಟ್ಟಾಗಿ ಕಂಡಿದ್ದೆನೇ ಹೊರತು ಪೈರಾಗಿ ಹತ್ತಿರದಿಂದ ನೋಡಿರಲಿಲ್ಲ. ಮೊದಲ ನೇಮಕ ಆದದ್ದು ಕಣಕಟ್ಟೆ ಕಡೆಗೆ. ತೆಂಗಿನ ತೋಟಗಳ ನಡುನಡುವೆ ರಾಗಿ ಹೊಲಗಳು. ಆಗ ಬರೀ ರಾಗಿ ಬಿತ್ತಿದ ಹೊಲವೇ ಇರುತ್ತಿರಲಿಲ್ಲ. ಆರೋ ಎಂಟೋ ಸಾಲು ರಾಗಿ, ಆಮೇಲೊಂದು ಅಕ್ಕಡಿ ಸಾಲು. ಆ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿನಂಚಿಗೆ ಹರಳು. ಕಾರ್ತಿಕದಲ್ಲಿ ಹುಚ್ಚೆಳ್ಳು ಹೂ ಬಿಟ್ಟರೆ ಬಸ್ಸಿನ ಕಿಟಕಿಯಿಂದ ಇಡೀ ಬಯಲು ಹಳದಿ ಗೀರು ಎಳೆದ ಹಾಗೆ ಕಾಣುತ್ತಿತ್ತು. ಈಗ ಅದೇ ರಸ್ತೆಯಲ್ಲಿ ಹೋಗುವಾಗ ನನ್ನ ಕಣ್ಣು ಸುಮ್ಮನೆ ಆ ಗೀರುಗಳನ್ನು ಹುಡುಕುತ್ತದೆ. ಮುಸುಕಿನ ಜೋಳ, ಶುಂಠಿ, ಮತ್ತೆ ಮುಸುಕಿನ ಜೋಳ.

ಹೊನ್ನಮ್ಮನವರ ಹೊಲ ಹಳ್ಳಿಯ ಕೆರೆ ಏರಿಯ ಕೆಳಗಿತ್ತು. ಅವರ ಗಂಡ ಮಾತು ಕಡಿಮೆಯ ಮನುಷ್ಯ; ಬಿತ್ತುವುದು, ಉಳುವುದು ಅವರದು, ಏನು ಬಿತ್ತಬೇಕು ಎನ್ನುವುದು ಹೊನ್ನಮ್ಮನವರದು. ನಾನು ಹೋದ ಮೊದಲ ವರ್ಷದ ಚಳಿಯಲ್ಲಿ ಅವರ ಜಗಲಿಯ ಮೇಲೆ ಕೂತು ಏನೋ ಫಾರಂ ತುಂಬುತ್ತಿದ್ದೆ. ಒಳಗಿಂದ ಬಂದ ವಾಸನೆಗೆ ಬರೆಯುವುದನ್ನು ನಿಲ್ಲಿಸಿದೆ. ಅವರು ನಕ್ಕರು.

"ಅದು ನಮ್ ತವರವರೆ ಸಾ. ನನ್ ಮದುವೇಲಿ ನಮ್ಮವ್ವ ಮಡ್ಲಿಗೆ ಕಟ್ಟಿ ಕಳ್ಸಿದ್ದ ಬೀಜ. ಈ ಸಲ ಹೂವಾಗೋ ಹೊತ್ತಲ್ಲಿ ಮೋಡ ಕವ್ಕಂಡು ಎಲ್ಲ ಉದುರೋಯ್ತು. ಬಂದಿರದೇ ನಾಕು ಬೊಗಸೆ. ಕೈ ತೊಳ್ಕಳಿ, ಉಣ್ಣೀರಂತೆ."

ಅವತ್ತು ಉಂಡ ಆ ಸಾರಿನ ಬಗ್ಗೆ ಹೆಚ್ಚು ಬರೆಯಲಾರೆ. ಅವರೆಕಾಯಿ ನಮ್ಮ ಮನೆಯಲ್ಲೂ ಮಾಡುತ್ತಿದ್ದರು. ಇದು ಬೇರೆಯೇ. ಸಂಜೆ ಬಸ್ಸು ಹತ್ತುವಾಗಲೂ ಬೆರಳಿನಲ್ಲಿ ಸೊಗಡು ಉಳಿದಿತ್ತು. ಆ ನಾಲ್ಕು ಬೊಗಸೆಯಲ್ಲಿ ನನಗೆ ಬಡಿಸಿದ್ದು ಹೋಗಿ ಉಳಿದದ್ದು ಬಿತ್ತನೆಯ ಬೀಜ. ಅದು ಆಗ ನನಗೆ ಹೊಳೆದಿರಲಿಲ್ಲ.

ಮುಂದಿನ ಮುಂಗಾರಿಗೆ ನಮ್ಮ ಸಾಹೇಬರು ಒಂದು ಹೊಸ ಔಷಧಿ ತರಿಸಿದರು. ರಾಗಿಯಲ್ಲಿ ಬರುವ ಅಗಲ ಎಲೆಯ ಕಳೆಗೆ ಹೊಡೆಯುವುದು. ಒಂದು ಹೊಲದಲ್ಲಿ ಹೊಡೆದು ಸುತ್ತಲಿನ ರೈತರಿಗೆ ತೋರಿಸಬೇಕು. ನಾನು ಹೊನ್ನಮ್ಮನವರ ಹೊಲ ಎಂದೆ. ರಸ್ತೆಗೆ ಹತ್ತಿರ, ಜೀಪು ಹೋಗುತ್ತಿತ್ತು, ಮೇಲಾಗಿ ನಾನು ಕೇಳಿದರೆ ಅವರು ಇಲ್ಲ ಅನ್ನುವವರಲ್ಲ.

ಬಿತ್ತಿ ಮೂರು ವಾರ ಆಗಿತ್ತು. ರಾಗಿ ಗೇಣುದ್ದ, ಅಕ್ಕಡಿ ಸಾಲಿನಲ್ಲಿ ಅವರೆ ನಾಲ್ಕೈದು ಎಲೆ. ನಡುವೆ ಕಳೆ: ಅಗಲ ಎಲೆಯ ಅಣ್ಣೆಸೊಪ್ಪು, ಗೋಣಿಸೊಪ್ಪು, ಹುಲ್ಲಿನಂಥ ಜೇಕು, ಗರಿಕೆ. ಕಚೇರಿಯ ಇಬ್ಬರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನಿಂತರು. ಬದುವಿನ ಮೇಲೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ಏರಿಯ ಮೇಲೆ ಸಾಹೇಬರ ಜೀಪಿನ ಸದ್ದು ಕೇಳಿಸುತ್ತಿತ್ತು. ಆಗ ಹೊನ್ನಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅವರೆಗೇನೂ ಆಗಕಿಲ್ವಾ ಸಾ?"

ಅವರೆ ದ್ವಿದಳ ಎಂದು ನನಗೆ ಗೊತ್ತಿತ್ತು. ಔಷಧಿ ಅಗಲ ಎಲೆಯವನ್ನು ಕೊಲ್ಲುತ್ತದೆ ಎಂದೂ ಗೊತ್ತಿತ್ತು. ಈ ಎರಡನ್ನೂ ಒಟ್ಟಿಗಿಟ್ಟು ನಾನು ಯೋಚಿಸಿರಲಿಲ್ಲ. ಕಳೆ ಔಷಧಿ ಅಂದ ಮೇಲೆ ಕಳೆಯನ್ನಷ್ಟೇ ಕೊಲ್ಲುತ್ತದೆ ಎಂದುಕೊಂಡಿದ್ದೆ. ಅವರು ಕೇಳಿದಾಗ ಎದೆಯಲ್ಲಿ ಒಂದು ಅಳುಕು ಎದ್ದದ್ದು ನಿಜ. ಸಾಹೇಬರನ್ನು ಕೇಳಿ ಹೇಳುತ್ತೇನೆ, ಇವತ್ತು ಬೇಡ ಎನ್ನಬಹುದಿತ್ತು. ಅಷ್ಟು ಜನರೆದುರು ನನಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

"ಏನೂ ಆಗಲ್ಲ ಹೊನ್ನಮ್ಮ. ಕಳೆಗೆ ಮಾತ್ರ," ಎಂದೆ.

ಅವರು ತಲೆಯಾಡಿಸಿ ಹಿಂದೆ ಸರಿದು ನಿಂತರು.

ಮೂರನೆಯ ದಿನ ಹೋದೆ. ರಾಗಿ ಕಪ್ಪು ಹಸಿರಾಗಿ ನೆಟ್ಟಗೆ ನಿಂತಿತ್ತು. ಜೇಕು, ಗರಿಕೆಗೂ ಏನೂ ಆಗಿರಲಿಲ್ಲ. ಅಣ್ಣೆಸೊಪ್ಪು ಮಕಾಡೆ ಬಿದ್ದಿತ್ತು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಎಲ್ಲವೂ ಯಾರೋ ಒಂದೊಂದನ್ನೂ ಹಿಡಿದು ತಿರುಚಿದ ಹಾಗೆ ಸುರುಳಿ ಸುತ್ತಿದ್ದವು. ಸುಟ್ಟಿರಲಿಲ್ಲ, ಒಣಗಿರಲಿಲ್ಲ, ಇನ್ನೂ ಹಸಿರಾಗೇ ಇದ್ದವು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು. ನನ್ನ ಉತ್ತರ ಪತ್ರಿಕೆಯನ್ನು ಯಾರೋ ಹೊಲದ ಮೇಲೆ ಬರೆದಿಟ್ಟಂತಿತ್ತು. ಒಂದು ದಳದ್ದೆಲ್ಲ ಬದುಕಿತ್ತು, ಎರಡು ದಳದ್ದೆಲ್ಲ ಸಾಯುತ್ತಿತ್ತು. ಯಾವುದು ಬೆಳೆ, ಯಾವುದು ಕಳೆ ಎಂಬುದು ಆ ಔಷಧಿಗೆ ಗೊತ್ತಿರಲಿಲ್ಲ. ಅದು ಹೊನ್ನಮ್ಮನವರಿಗೆ ಗೊತ್ತಿತ್ತು, ಕೇಳಿಯೂ ಇದ್ದರು.

ಅವರು ಬದುವಿನ ಮೇಲೆ ಕೂತಿದ್ದರು. ಬೈಯಲಿಲ್ಲ.

"ರಾಗಿಗೇನಾಗಿಲ್ಲ ಬುಡಿ," ಎಂದರು. ಆಮೇಲೆ, "ಬೀಜ ಇದ್ದಿದ್ದೇ ಅಷ್ಟು," ಎಂದರು.

ನಾನು ಕಚೇರಿಗೆ ಬಂದು ವರದಿ ತುಂಬಲು ಕೂತೆ. ಮುಖ್ಯ ಬೆಳೆ ಎಂಬ ಕಡೆ ರಾಗಿ ಎಂದು ಬರೆಯಬೇಕು, ಬೆಳೆಗೆ ಹಾನಿ ಎಂಬ ಕಡೆ ಇದೆ ಅಥವಾ ಇಲ್ಲ. ಅಕ್ಕಡಿಯ ಬಗ್ಗೆ ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಇಲ್ಲ ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಅದನ್ನು ಓದಿ, ನನ್ನ ಮುಖ ನೋಡಿ, "ಏನಾಯ್ತ್ರೀ?" ಎಂದರು. ಹೇಳಿದೆ. ಅವರು ಕೆಟ್ಟವರಲ್ಲ. "ನಾನೂ ಕೇಳಲಿಲ್ಲ ಕಣ್ರೀ, ನಡುವೆ ಏನು ಹಾಕಿದಾರೆ ಅಂತ," ಎಂದು ವರದಿಯ ಹಿಂಬದಿಯಲ್ಲಿ ತಮ್ಮ ಕೈಯಿಂದಲೇ ಎರಡು ಸಾಲು ಬರೆದರು. ಹಿಂಬದಿಯನ್ನು ಯಾರೂ ಓದಿರಲಾರರು.

ಹೊನ್ನಮ್ಮನವರ ತವರು ಹಳೇಬೀಡಿನಿಂದ ಆಚೆ ಒಂದು ಚಿಕ್ಕ ಊರು. ಆ ಚಳಿಗಾಲದಲ್ಲಿ ರಜೆ ಹಾಕಿ ಅಲ್ಲಿಗೆ ಹೋದೆ. ದೇವಸ್ಥಾನದ ಮುಂದೆ ಬಸ್ಸಿಳಿದು ಬಿಸಿಲಲ್ಲಿ ಒಂದು ಗಂಟೆ ನಡೆದೆ. ಅವರ ಅಣ್ಣ ಸಿಕ್ಕರು. "ಅವರೆನಾ? ನಮ್ಮವ್ವ ಹೋದ್ಮೇಲೆ ಯಾರ್ ಹಾಕ್ತಾರೆ ಸಾಮಿ. ಈಗೆಲ್ಲ ಆಲೂಗೆಡ್ಡೆ," ಎಂದು ಹೊಲ ತೋರಿಸಿದರು. ಪಕ್ಕದ ಹಟ್ಟಿಯ ಹಿತ್ತಿಲಲ್ಲಿ ಒಂದು ಅವರೆ ಬಳ್ಳಿ ಕಂಡಿತು. ಅದರ ಕಾಯಿಯನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಕಣಕಟ್ಟೆ ಬಸ್ಸು ಹಿಡಿದೆ.

ಹೊನ್ನಮ್ಮ ಒಂದು ಕಾಯನ್ನು ಅಂಗೈಯಲ್ಲಿಟ್ಟು ಉಜ್ಜಿದರು, ಮೂಸಿದರು. ಹಸೀ ಕಾಳನ್ನು ಮುಂಬಲ್ಲಲ್ಲಿ ಕಚ್ಚಿದರು.

"ಇದಲ್ಲ ಸಾ. ಅದು ಕೈಗೆ ಎಣ್ಣೆ ಎಣ್ಣೆಯಾಗಿ ಅಂಟೋದು."

ಆಮೇಲೆ, ಇಷ್ಟು ದೂರ ತಂದದ್ದನ್ನು ಸುಮ್ಮನೆ ಬಿಡುವುದೇಕೆ ಎಂದು ಅದನ್ನೇ ನೆನೆಹಾಕಿ ಹಿತಕಿದ ಬೇಳೆ ಮಾಡಲು ಕೂತರು. ನಾನೂ ಕೂತೆ. ನೆನೆದ ಕಾಳನ್ನು ಬೆರಳ ನಡುವೆ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಜಾರಿ ಹೊರಗೆ ಬರುತ್ತಿತ್ತು. ಸ್ವಲ್ಪ ಜೋರಾಗಿ ಒತ್ತಿದರೆ ಎರಡು ಹೋಳಾಗಿ, ನಡುವೆ ಒಂದು ಪುಟ್ಟ ಬಿಳಿ ಮೊಳಕೆ. ಚಿತ್ರ ಬರೆದು ಅಂಕ ತೆಗೆದ ನಾನು ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ.

"ಇದಕ್ಕೆ ಏನಂತೀರ ನೀವು?" ಎಂದು ಕೇಳಿದೆ.

"ಯಾವ್ದಕ್ಕೆ?"

"ಹೀಗೆ ಎರಡಾಗೋ ಕಾಳಿಗೆ."

"ಬೇಳೆ ಆಗೋ ಕಾಳು ಅಂತೀವಿ. ರಾಗಿ, ಜೋಳ, ನೆಲ್ಲು ಹಿಟ್ಟಾಯ್ತವೆ. ಅವರೆ, ತೊಗರಿ, ಹುಳ್ಳಿ ಬೇಳೆ ಆಯ್ತವೆ. ಒಂದೇ ಹೊಲದಾಗೆ ಎರಡೂ ಹಾಕದು ಯಾಕೆ ಅಂದ್ಕಂಡ್ರಿ? ಮುದ್ದೆಗೂ ಆಗ್ಬೇಕು, ಸಾರಿಗೂ ಆಗ್ಬೇಕು."

ಏಳು ವ್ಯತ್ಯಾಸ ಬರೆದವನಿಗೆ ಈ ಎಂಟನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ನಾನು ಚೀಲ ಹಿಡಿದು ಅವರ ಮನೆಗೆ ಹೋಗುವುದು ರೂಢಿಯಾಯಿತು. ಯಾವ ಊರಿಗೆ ವರ್ಗವಾದರೂ ಅಲ್ಲಿಯ ಅವರೆ ಹುಡುಕಿ ತರುತ್ತಿದ್ದೆ. ಅವರು ಉಜ್ಜಿ, ಮೂಸಿ, "ಇದಲ್ಲ" ಎನ್ನುತ್ತಿದ್ದರು. ಒಮ್ಮೆ, "ಇದು ವಾಸ್ನೆಗೆ ಹತ್ರ ಐತೆ, ರುಚಿಗಿಲ್ಲ," ಎಂದರು. ಇನ್ನೊಮ್ಮೆ ನಾನು ತಂದದ್ದನ್ನು ನೋಡಿಯೇ ನಕ್ಕುಬಿಟ್ಟರು, ಅದು ಪೇಟೆಯ ಬೀಜ, ವರ್ಷವೆಲ್ಲ ಕಾಯಿ ಬಿಡುವಂಥದ್ದು. ಆಮೇಲೆ ಅಡುಗೆ, ಊಟ, ಊರಿನ ಸುದ್ದಿ. ಸಂಜೆಯ ಬಸ್ಸಿಗೆ ಅವರ ಗಂಡ ರಸ್ತೆಯ ತನಕ ಬಂದು ಬಿಟ್ಟು ಹೋಗುತ್ತಿದ್ದರು. ವರ್ಷದಲ್ಲಿ ನಾನು ಎದುರು ನೋಡುತ್ತಿದ್ದ ದಿನ ಅದೊಂದೇ ಎಂದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಸುಳ್ಳಲ್ಲ.

ಹಗರೆಯಲ್ಲಿದ್ದಾಗಿನ ಒಂದು ಪ್ರಸಂಗವನ್ನು ಹೊಸಬರಿಗಾಗಿ ಹೇಳಬೇಕು. ಹಾಲಿನ ಡೇರಿಗೆ ಬರುತ್ತಿದ್ದ ರೈತರೊಬ್ಬರು, ತಮ್ಮ ಬೀನ್ಸ್ ಗಿಡಗಳಿಗೆ ಏನೋ ರೋಗ ಬಂದಿದೆ, ಮೂರು ಥರದ ಔಷಧಿ ಹೊಡೆದರೂ ಹೆಚ್ಚುತ್ತಿದೆ ಎಂದು ಕರೆದುಕೊಂಡು ಹೋದರು. ನನಗಿಂತ ಮೊದಲು ಬಂದವರು ನಂಜು ರೋಗ ಎಂದು ಹೇಳಿ ಹೋಗಿದ್ದರು. ಗಿಡಗಳು ಸುರುಳಿ ಸುತ್ತಿದ್ದವು. ಆ ಸುರುಳಿಯನ್ನು ನಾನು ಮರೆತಿರಲಿಲ್ಲ. ನಾನು ಬೀನ್ಸನ್ನು ಬಿಟ್ಟು ಅದರ ನಡುವೆ ಏನು ಚೆನ್ನಾಗಿದೆ ಎಂದು ನೋಡಿದೆ. ದನಕ್ಕೆಂದು ಅಂಚಿನಲ್ಲಿ ಹಾಕಿದ್ದ ಜೋಳ ಚೆನ್ನಾಗಿತ್ತು, ಗರಿಕೆಯೂ ಚೆನ್ನಾಗಿತ್ತು. ಬೀನ್ಸಿನ ಜೊತೆ ಹಾಳಾಗಿದ್ದದ್ದು ಬದುವಿನ ಮೇಲಿನ ಕುಂಬಳ.

"ಔಷಧಿ ಹೊಡೆಯೋ ಕ್ಯಾನು ಯಾರದು?" ಎಂದೆ.

"ಪಕ್ಕದ ಹೊಲದೋರ್ದು ಸಾ, ಕೇಳಿ ತಂದಿದ್ದು. ಅವರು ಜೋಳದಾಗೆ ಕಳೆಗೆ ಹೊಡ್ದಿದ್ರು."

ತೊಳೆಯದ ಕ್ಯಾನು. ತಳದಲ್ಲಿ ಉಳಿದದ್ದೇ ಸಾಕಾಗಿತ್ತು. ರೋಗಕ್ಕೆಂದು ಹೊಡೆದಷ್ಟೂ ವಿಷ ಹೆಚ್ಚುತ್ತಿತ್ತು. ಹಾಳಾದ ಹೊಲಕ್ಕೆ ಹೋದಾಗ ಸತ್ತದ್ದನ್ನಷ್ಟೇ ನೋಡಬೇಡಿ, ಯಾವುದು ಬದುಕಿದೆ ಎಂದು ಮೊದಲು ನೋಡಿ. ಇದು ನನಗೆ ಹೊನ್ನಮ್ಮನವರ ಹೊಲ ಕಲಿಸಿದ್ದು. ಆ ರೈತರು ನನ್ನನ್ನು ಬಹಳ ಹೊಗಳಿದರು. ಹೊಗಳಿಕೆ ಕೇಳಿಕೊಂಡು ನಿಲ್ಲಲು ಆಗಲಿಲ್ಲ.

ಕೆಲಸದ ಕೊನೆಯ ವರ್ಷಗಳಲ್ಲಿ ಮತ್ತೆ ಬೇಲೂರು ತಾಲ್ಲೂಕಿಗೇ ಬಂದೆ. ಒಂದು ದಿನ ಬಿಕ್ಕೋಡಿನಿಂದ ಜೀಪಿನಲ್ಲಿ ಹೋಗುವಾಗ ಕಾಫಿ ತೋಟದ ಕೂಲಿಯವರ ಲೈನು ಮನೆಗಳ ಹತ್ತಿರ ಬೇಲಿಗೆ ಹಬ್ಬಿದ ಅವರೆ ಕಂಡಿತು. ಇಳಿದು ಒಂದು ಕಾಯಿ ಕಿತ್ತು ಉಜ್ಜಿದೆ. ಕೈ ಜಿಡ್ಡಾಯಿತು. ಮನೆಯೊಳಗಿಂದ ಒಬ್ಬ ಮುದುಕಿ ಬಂದಳು. ಈ ಬೀಜ ಎಲ್ಲಿಯದು ಎಂದು ಕೇಳಿದೆ.

"ನಮ್ಮತ್ತೆ ಕಾಲ್ದಿಂದ್ಲೂ ಐತೆ. ಅವರು ಹಳೇಬೀಡಿನ ಕಡೇರು," ಎಂದಳು. ಯಾವ ಊರು ಎಂದರೆ ಅವಳಿಗೆ ಗೊತ್ತಿರಲಿಲ್ಲ. ಎರಡು ಹಿಡಿ ಒಣಗಿದ ಬೀಜವನ್ನೂ ಒಂದು ಮೊರ ಹಸಿ ಕಾಯನ್ನೂ ಕೊಟ್ಟಳು.

ಸಂಕ್ರಾಂತಿಗೆ ಕಾಯಲಿಲ್ಲ. ಮರುದಿನವೇ ಕಣಕಟ್ಟೆಗೆ ಹೋದೆ. ಹೊನ್ನಮ್ಮನವರಿಗೆ ಆಗ ಬೆನ್ನು ಬಾಗಿತ್ತು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮೊಮ್ಮಗಳು ಕಾವ್ಯ ಅವರ ಕೈಗೆ ಕಾಯಿ ಕೊಟ್ಟಳು. ಅವರು ಉಜ್ಜಿದರು. ಮೂಸಿದರು. ಮತ್ತೆ ಮೂಸಿದರು. ಕಾಳು ಕಚ್ಚಿದರು. ಇಷ್ಟು ವರ್ಷ "ಇದಲ್ಲ" ಎನ್ನಲು ಅವರಿಗೆ ಒಂದು ಗಳಿಗೆ ಸಾಕಾಗುತ್ತಿತ್ತು. ಅವತ್ತು ಕಾಯಿಯನ್ನು ಕೈಯಲ್ಲಿಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕೂತೇ ಇದ್ದರು.

"ಗೊತ್ತಾಯ್ತಿಲ್ಲ ಸಾ," ಎಂದರು ಕೊನೆಗೆ. "ಇದೇ ಇರಬೌದು. ಅದ್ರ ವಾಸ್ನೆ ಹ್ಯಾಗಿತ್ತು ಅಂತ ನನಗೇ ಮರ್ತೋಗೈತೆ. ನಮ್ಮವ್ವನ ದನಿ ಮರ್ತಂಗೆ."

ನಾನು ಹಾಳುಮಾಡಿದ್ದು ಒಂದು ಬೆಳೆ ಎಂದುಕೊಂಡಿದ್ದೆ. ಅದನ್ನು ಗುರುತು ಹಿಡಿಯುವ ನೆನಪೂ ಅದರ ಜೊತೆ ಹೋಗುತ್ತಿತ್ತು, ನಾನು ಊರೂರು ತಿರುಗುತ್ತಿದ್ದ ವರ್ಷಗಳಲ್ಲಿ, ಸ್ವಲ್ಪ ಸ್ವಲ್ಪವೇ.

ಅವರೇ ನನ್ನನ್ನು ಸಮಾಧಾನ ಮಾಡಿದರು. "ಬಿತ್ತೀನಿ ಬುಡಿ. ತವರವರೆ ಅಂತ ಕರಿಯಕಿಲ್ಲ. ಆ ಹೆಸರು ಅದಕ್ಕೇ ಇರ್ಲಿ. ಇದು ನೀವು ತಂದ ಅವರೆ. ಇನ್ನು ಹುಡುಕಬ್ಯಾಡಿ ಸಾ, ಸಾಕು."

ಅವರ ಮಾತಿನಲ್ಲಿ ಕ್ಷಮೆಯೇ ಇತ್ತು. ಆದರೆ ಬಸ್ಸಿನಲ್ಲಿ ಖಾಲಿ ಚೀಲ ಮಡಿಸಿ ತೊಡೆಯ ಮೇಲಿಟ್ಟುಕೊಂಡಾಗ, ಏನೋ ಕಳೆದುಕೊಂಡು ಬರುತ್ತಿದ್ದೇನೆ ಅನ್ನಿಸಿತು. ಮುಂದಿನ ಚಳಿಗಾಲಕ್ಕೆ ನಾನು ನಿವೃತ್ತನಾಗಿದ್ದೆ. ಸಂಕ್ರಾಂತಿ ಹತ್ತಿರ ಬಂದಾಗ ಕಾರಣವೇನೂ ಇಲ್ಲದೆ ಹೋದೆ. ಹೊನ್ನಮ್ಮ ಜಗಲಿಯಲ್ಲಿ ಹೊಸ ಅವರೆಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ಯಾಕೆ ಬಂದಿರಿ ಎನ್ನಲಿಲ್ಲ. ಅರ್ಧ ರಾಶಿಯನ್ನು ನನ್ನ ಕಡೆ ಸರಿಸಿದರು. ಬಸ್ಸಿನ ಹೊತ್ತಿನ ತನಕ ಇಬ್ಬರೂ ಸುಲಿದೆವು. ಅದೇ ಕೊನೆ. ಮಳೆಗಾಲಕ್ಕೆ ಮುಂಚೆ ಅವರು ಹೋದರು.

ಈಗ ಹೊಲ ನೋಡಿಕೊಳ್ಳುವವಳು ಕಾವ್ಯ. ಡಿಗ್ರಿ ಓದಿದ್ದಾಳೆ, ಅರಸೀಕೆರೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಗಂಡನ ಜೊತೆ ಆ ಮನೆಯಲ್ಲೇ ಇದ್ದಾಳೆ. ಈ ವರ್ಷ ರಾಗಿ ಬಿತ್ತಿ ಮೂರು ವಾರಕ್ಕೆ ಫೋನ್ ಮಾಡಿದಳು.

"ಸಾರ್, ಕಳೆ ಸಿಕ್ಕಾಪಟ್ಟೆ ಬಂದಿದೆ. ಕೀಳೋಕೆ ಒಬ್ಬರೂ ಸಿಗ್ತಿಲ್ಲ. ಇವರು ಔಷಧಿ ಹೊಡೆದುಬಿಡೋಣ ಅಂತಿದಾರೆ. ಅಕ್ಕಡಿ ಸಾಲು ಬಿಟ್ಟು ಹೊಡೆದ್ರೆ ಆಗುತ್ತಾ?"

ಗಾಳಿ ಯಾವ ಕಡೆ ಬೀಸುತ್ತದೋ ಹೇಳಲಾಗುವುದಿಲ್ಲ ಎಂದೆ. ಹೊಡೆಯಬೇಡಿ ಎಂದು ಹೇಳುವುದು ಸುಲಭ. ಕೀಳುವವರು ಯಾರು? ಒಂದು ಕಾಲದಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಕೂತು, ಮಾತಾಡುತ್ತಾ, ಸೊಪ್ಪನ್ನು ಮಡಿಲಿಗೆ ಬೇರೆ ಹಾಕಿಕೊಳ್ಳುತ್ತಾ ಆ ಹೊಲವನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದರು. ಅವರ ಸೊಸೆಯಂದಿರು ಈಗ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರನ್ನು ತಪ್ಪು ಎನ್ನಲು ನಾನು ಯಾರು. "ನನಗೆ ಗೊತ್ತಿಲ್ಲ ಕಣಮ್ಮ. ನಾಳೆ ಬರ್ತೀನಿ," ಎಂದು ಫೋನಿಟ್ಟೆ.

ಬೆಳಗಿನ ಬಸ್ಸಿಗೆ ಹೋದೆ. ಭಾನುವಾರ. ಕಾವ್ಯ, ಅವಳ ಗಂಡ, ಪಕ್ಕದ ಮನೆಯ ಒಬ್ಬ ಹೆಂಗಸು ಆಗಲೇ ಕೂತು ಕೀಳುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ಬದುವಿನ ಮೇಲೆ ನಿಂತು ಮಾತಾಡಿದವನು ನಾನು. ಅವತ್ತು ಪಂಚೆ ಎತ್ತಿ ಕಟ್ಟಿ, ಮೊದಲ ಸಲ ಸಾಲಿನೊಳಗೆ ಕುಕ್ಕರುಗಾಲಲ್ಲಿ ಕೂತೆ. ಮಂಡಿ ಸಿಡಿಯಿತು. ಅಣ್ಣೆಸೊಪ್ಪು ಹಿಡಿದೆಳೆದರೆ ಒಂದೇ ಉದ್ದ ಬೇರು ಸಲೀಸಾಗಿ ಬರುತ್ತಿತ್ತು. ಹುಲ್ಲು ಎಳೆದರೆ ಮುಷ್ಟಿ ಮಣ್ಣನ್ನೂ ಕಿತ್ತುಕೊಂಡು ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಕಿತ್ತರೂ ಯಾವುದು ಯಾವ ಗುಂಪಿನದು ಎಂದು ಕೈಗೆ ತಿಳಿಯುತ್ತಿತ್ತು. ಆ ಹನ್ನೆರಡು ಜನರ ಕೈಗೆ ಇದೆಲ್ಲ ಗೊತ್ತಿತ್ತು, ನಾನು ಮಾತ್ರ ಕೇಳಿರಲಿಲ್ಲ ಎಂದುಕೊಳ್ಳುತ್ತ ಕೀಳುತ್ತಿದ್ದೆ.

"ಸಾರ್," ಎಂದಳು ಕಾವ್ಯ ಪಕ್ಕದ ಸಾಲಿನಿಂದ. "ಅದು ಕಾಡುರಾಗಿ ಅಲ್ಲ. ನಮ್ಮ ರಾಗೀನೇ."

ಕೈಯಲ್ಲಿದ್ದದ್ದನ್ನು ನೋಡಿದೆ. ಕಳೆಯ ಕಾಡುರಾಗಿಯೂ ಬೆಳೆಯ ರಾಗಿಯೂ ಎಳೆಯದರಲ್ಲಿ ಒಂದೇ ಥರ ಇರುತ್ತವೆ. ನನ್ನ ಹಿಂದೆ ಸಾಲಿನುದ್ದಕ್ಕೂ ಅಂಥವು ಇನ್ನೂ ಐದಾರು ಬಿದ್ದಿದ್ದವು. ಅವಳು ಎದ್ದು ಬಂದು ಒಂದೊಂದನ್ನೇ ಎತ್ತಿ, ಬೆರಳಲ್ಲಿ ಗುಳಿ ಮಾಡಿ, ಮತ್ತೆ ನೆಟ್ಟು ಮಣ್ಣು ಒತ್ತಿದಳು.

"ರಾಗಿ ಬದುಕ್ಕೊಳ್ಳುತ್ತೆ ಬಿಡಿ, ಎಲ್ಲಿ ಊರಿದ್ರೂ ಚಿಗುರುತ್ತೆ. ಅವರೆ ಹಂಗಲ್ಲ. ಕಿತ್ರೆ ಮುಗೀತು." ಅವಳು ನನ್ನ ಎಡಗಡೆಯ ಅಕ್ಕಡಿ ಸಾಲನ್ನು ತೋರಿಸಿದಳು. "ಆ ಸಾಲಿಗೆ ನೀವು ಕೈ ಹಾಕ್ಬೇಡಿ ಸಾರ್. ಅದನ್ನ ನಾನೇ ನೋಡ್ಕೋತೀನಿ."

ನಾನು ಬಲಗಡೆಗೆ ತಿರುಗಿ ಕೂತೆ.